ಉಪ್ಪಿನಕಾಯಿಗೂ ಆಧಾರ್ ಬೇಕೇ ಸ್ವಾಮಿ?

ಕುಕ್ ಟೌನಿನ ಕೊರಿಯರ್ ಕೌಂಟರಿನ ಮಹಾನುಭಾವರಿಗೆ,

ಇದೇ ಬಡಾವಣೆಯ ನಿವಾಸಿಯೊಬ್ಬನ ಸಾಷ್ಟಾಂಗ ನಮಸ್ಕಾರ. ಪುಣೆಯ ಮಗಳಿಗೆ ಅರ್ಧ ಕೆಜಿ ಮಿಡಿ ಉಪ್ಪಿನಕಾಯಿ ಕಳಿಸಲು ನಿನ್ನೆ ಬಂದಿದ್ದವನು ಆತನೇ. ಡ್ರೈವಿಂಗ್ ಲೈಸೆನ್ಸ್ ತೋರಿಸಿದ, ವೋಟರ್ ಐಡಿ ತೋರಿಸಿದ. ತಾವು ತಲೆಯೆತ್ತದೆ ಹೇಳಿದ್ದು ಒಂದೇ ಮಾತು: "ಆಧಾರ್ ಜೆರಾಕ್ಸ್, ಹಿಂದೆ ಮುಂದೆ ಎರಡೂ." ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟಿಲ್ಲ. ಬಿಸಿಲಲ್ಲಿ ವೀಲರ್ ರಸ್ತೆವರೆಗೆ ನಡೆದು ತಂದರೆ ತಾವು ಊಟಕ್ಕೆ ಹೋಗಿದ್ದಿರಿ.

ಕಾಯುತ್ತ ಕೂತವನಿಗೆ ಕೆ.ಎಸ್. ಪುಟ್ಟಸ್ವಾಮಿಯವರ ನೆನಪಾಯಿತು. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಸಂಸತ್ತಿನ ಕಾನೂನೇ ಇಲ್ಲದೆ ಆಧಾರ್‌ಗೆಂದು ಜನರ ಬೆರಳಚ್ಚು ಹೇಗೆ ತೆಗೆದುಕೊಳ್ಳುತ್ತೀರಿ ಎಂದು 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದ ಸರ್ಕಾರ, ಎಂಟು ನ್ಯಾಯಮೂರ್ತಿಗಳ 1954ರ ತೀರ್ಪನ್ನು ಮುಂದಿಟ್ಟಿತು. ಅದನ್ನು ದಾಟಲು ಒಂಬತ್ತು ಮಂದಿ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಅಷ್ಟೂ ಜನ ಒಕ್ಕೊರಲಿನಿಂದ ಹಕ್ಕೆಂದರು. ಅದು 21ನೇ ವಿಧಿಯೊಳಗೇ ಇದೆ ಎಂದರು. ತುರ್ತುಪರಿಸ್ಥಿತಿಯಲ್ಲಿ ಬಂಧಿತರಿಗೆ ಕೋರ್ಟಿನ ಬಾಗಿಲು ಮುಚ್ಚಿದ್ದ 1976ರ ತೀರ್ಪನ್ನೂ ಆವತ್ತೇ ತಳ್ಳಿಹಾಕಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಆಧಾರ್ ಬಹುಮತದಿಂದ ಉಳಿಯಿತು. ಆದರೆ ಖಾಸಗಿ ಕಂಪನಿಗಳಿಗೆ ದಾರಿ ಮಾಡಿಕೊಟ್ಟಿದ್ದ ಸೆಕ್ಷನ್ 57ರ ಭಾಗ ಬಿದ್ದುಹೋಯಿತು. 2019ರ ತಿದ್ದುಪಡಿಯಲ್ಲೂ ಇರುವುದು "ಸ್ವಇಚ್ಛೆ"ಯ ಮಾತೇ.

ಉಪ್ಪಿನಕಾಯಿಯ ಇಚ್ಛೆಯನ್ನು ಯಾರೂ ಕೇಳಲಿಲ್ಲ, ಬಿಡಿ.

ಆದರೆ ಊಟ ಮುಗಿಸಿ ಬಂದು ತಾವು ತೂಕದ ಲೆಕ್ಕ ಬರೆದಿರಲ್ಲ, ಆ ಕಾಗದ ತಿರುಗಿಸಿ ನೋಡಿದಿರಾ? ಯಾರೋ ಹೆಂಗಸಿನ ಆಧಾರ್ ಪ್ರತಿ. ಫೋಟೊ, ಹುಟ್ಟಿದ ದಿನ, ಮನೆ ನಂಬರು, ಹನ್ನೆರಡೂ ಅಂಕಿ. ಮೂಲೆಯಲ್ಲಿ ಸಾರಿನ ಕಲೆ. ಆಕೆ ಅದನ್ನು ರಫ್ ಶೀಟಿಗೆಂದು ಕೊಟ್ಟಿದ್ದಳೇ? ನಾಚಿಕೆಯಾಗಬೇಕು ನಿಮಗೆ. ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ನಿಮ್ಮ ಡ್ರಾಯರಿನವರೆಗೆ ಬರಲು ಇನ್ನು ಯಾರು ಕೋರ್ಟಿಗೆ ಅಲೆಯಬೇಕು? ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಪ್ರತಿ ಕೊಡಲು ಪ್ರಾಧಿಕಾರವೇ ಅವಕಾಶ ಮಾಡಿಕೊಟ್ಟಿದೆ. ನಿನ್ನೆ ಕಳಿಸದೆ ವಾಪಸ್ ಒಯ್ದ ಬಾಟಲಿಯ ಜೊತೆ ಅದನ್ನೇ ಹಿಡಿದು ಆತ ನಾಳೆ ಬರುತ್ತಾನೆ. ಅಷ್ಟರಲ್ಲಿ ಆ ಹೆಂಗಸಿನ ಪ್ರತಿಯನ್ನು ಹರಿದು ಚೂರು ಮಾಡಿರಿ. ಉಪ್ಪಿನಕಾಯಿಯ ಜನ್ಮದಿನಾಂಕವೂ ಬೇಕಿದ್ದರೆ ಯುಗಾದಿಯ ಹಿಂದಿನ ವಾರ ಎಂದು ಬರೆದುಕೊಳ್ಳಿ.

ಇಂತಿ,
ಬಾಟಲಿಯ ವಾರಸುದಾರ