ತಡ್ರಿ ಕಾಕಾ

ಹೈದರಾಬಾದಿನ ಕಾಚಿಗುಡದ ನಮ್ಮ ಓಣಿಯಲ್ಲಿ ಅವರ ಖರೇ ಹೆಸರು ಕರೆಂಟ್ ಬಿಲ್ಲಿನವನಿಗೆ ಮಾತ್ರ ಗೊತ್ತು. ನಮಗೆಲ್ಲ ಅವರು ತಡ್ರಿ ಕಾಕಾ. ಕಲಬುರಗಿ ಕಡೆಯಿಂದ ಬಂದು ನಲವತ್ತು ವರ್ಷವಾದರೂ ‘ತಡ್ರಿ’ ಅನ್ನೋದು ಬಾಯಿ ಬಿಟ್ಟು ಹೋಗಿಲ್ಲ. ಬೇಸಿಗೆಯಲ್ಲಿ ಕೂಲರ್ ಕೊಳ್ಳೋಣವೆಂದರೆ, “ತಡ್ರಿ, ಚಳಿಗಾಲ ಬರ್ಲಿ, ಅಗ್ಗ ಆಗ್ತದ.” ಚಳಿಗಾಲದಲ್ಲಿ ಕೂಲರ್ ಯಾಕೆ ಬೇಕು ಹೇಳಿ.

ಕಾಕಾನ ಕಂಪ್ಯೂಟರ್ ಇಂಟೆಲ್‌ನ 4ನೇ ಜನರೇಷನ್ನಿನದು. ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ, ಸಂಧ್ಯಾವಂದನೆ ಮುಗಿಸಿ ಬರುವಷ್ಟರಲ್ಲಿ ತೆರೆ ಬೆಳಗಿರುತ್ತದೆ. ಮಾಡುವ ಕೆಲಸವಾದರೂ ಏನು? ‘ನುಡಿ’ಯಲ್ಲಿ ನೆಂಟರ ಲಗ್ನಪತ್ರಿಕೆ, ಮಧ್ಯಾಹ್ನ ಸಾಲಿಟೇರ್. ಆದರೂ ಹೊಸದು ಬೇಕೆಂಬ ಆಸೆ 2021ರಿಂದ ಇದೆ. 12ನೇ ಜನರೇಷನ್ ಬಂದಾಗ, “13 ಬರ್ಲಿ ತಡ್ರಿ, ಇದು ಇಳೀತದ” ಅಂದರು. 13 ಬಂತು. “14 ಬರ್ಲಿ.” ಆ ಮೂರೂ ಒಂದೇ ಸಾಕೆಟ್ಟಿಗೆ ಕೂಡುತ್ತಿದ್ದವು. ಆವತ್ತೇ 12 ಹಾಕಿಸಿದ್ದರೆ, ಬೇಕೆನಿಸಿದಾಗ ಅದೇ ಬೋರ್ಡಿನ ಮೇಲೆ 14 ಕೂರಿಸಬಹುದಿತ್ತು. ಇದನ್ನು ಹೇಳಿದವರಿಗೆ ಕಾಕಾ ಚಹಾ ಕೊಟ್ಟು ಕಳಿಸಿದರು. 2023ರ ಅಕ್ಟೋಬರಿನಲ್ಲಿ 14ನೆಯದೂ ಬಂತು. ಮರುವರ್ಷ ಇಂಟೆಲ್‌ನವರು ಎಣಿಕೆ ಕೈಬಿಟ್ಟು, ಸಾಕೆಟ್ಟನ್ನೂ ಬದಲಿಸಿ, ಕೋರ್ ಅಲ್ಟ್ರಾ ಎಂದುಬಿಟ್ಟರು. “ಹಂಗಾದ್ರ 15 ಎಲ್ಲಿ ಹೋತು?” ಎಂದು ಕಾಕಾ ವಾರಗಟ್ಟಲೆ ಚಡಪಡಿಸಿದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಕಾಕಾನ ಯಂತ್ರಕ್ಕೆ ವಿಂಡೋಸ್ 11 ಒಗ್ಗದು. ಇನ್ನು ವೈರಸ್ ನುಗ್ಗುತ್ತದೆಂದು ಮೊಮ್ಮಗ ಹೆದರಿಸಿದ ಮೇಲೆ, ಡಿಸೆಂಬರಿನಲ್ಲಿ ನನ್ನನ್ನು ಕರಕೊಂಡು ಸಿಕಂದರಾಬಾದಿನ ಪಾರ್ಕ್ ಲೇನ್‌ಗೆ, ಚೆನಾಯ್ ಟ್ರೇಡ್ ಸೆಂಟರಿಗೆ ಹೊರಟರು. ಅಂಗಡಿಯ ಹುಡುಗ ಎರಡು ಬೋರ್ಡಿನ ಡಬ್ಬಿ ಮುಂದಿಟ್ಟ, ಒಂದು ಹಳೇ ಮಾಡೆಲ್, ಒಂದು ಹೊಸದು. ಹಳೇ ಬೋರ್ಡಿಗೆ ಡಿಡಿಆರ್4 ರ್‍ಯಾಮ್, ಹೊಸದಕ್ಕೆ ಡಿಡಿಆರ್5. ಒಂದರದು ಇನ್ನೊಂದರ ಖಾಚಿಗೆ ಕೂಡೋದಿಲ್ಲ.

ಕಾಕಾ ಹಳೆಯದನ್ನು ಎತ್ತಿ ಕೇಳಿದರು: “ಯೆ ಕಬ್ ಆಯಾ?”

“ಪರ್ಸೋಂ ಆಯಾ, ಅಂಕಲ್.”

ಹೊಸದು? ಅದೂ ಪರ್ಸೋಂ.

ಬೇರೆ ಊರಿನವರಿಗೆ ಒಂದು ಮಾತು. ಹೈದರಾಬಾದಿನಲ್ಲಿ ಪರ್ಸೋಂ ಅಂದರೆ ಮೊನ್ನೆ, ನಾಡಿದ್ದು ಮಾತ್ರವಲ್ಲ. ಹೋದ ವರ್ಷದ ಮಳೆಯೂ ಪರ್ಸೋಂ, ಅಜ್ಜ ತೀರಿಕೊಂಡದ್ದೂ ಪರ್ಸೋಂ. ಇಂಥ ಊರಿನಲ್ಲಿ ಯಾವುದು ಹಳೇ ಮಾಡೆಲ್, ಯಾವುದು ಹೊಸದು?

ಕಡೆಗೆ ಕಾಕಾ ಹಳೆಯದರ ಮೇಲೆಯೇ ಕೈ ಇಟ್ಟರು. ಹುಡುಗ ಲೆಕ್ಕ ಬರೆದ. ರ್‍ಯಾಮಿನ ಬೆಲೆ ನೋಡಿ ಕಾಕಾನ ಕನ್ನಡಕ ಮೂಗಿನ ತುದಿಗೆ ಜಾರಿತು. ಎಐ ಸರ್ವರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು, ಹೊಸದರ ಜೊತೆ ಹಳೆಯದೂ ತುಟ್ಟಿಯಾಗಿತ್ತು. ನಾಲ್ಕು ವರ್ಷ ಇಳಿಯಲೆಂದು ಕಾದದ್ದು ಏರಿ ಕೂತಿತ್ತು.

“ಇಳಿಯೋದು ಯಾವಾಗ?”

ಹುಡುಗ ಮೊಬೈಲಿನಿಂದ ತಲೆ ಎತ್ತದೆ ಅಂದ: “ಪರ್ಸೋಂ.”

ನಲವತ್ತು ವರ್ಷ ಇಲ್ಲೇ ಬಾಳಿದವರಿಗೆ ಆ ಮಾತಿನ ಅಳತೆ ಗೊತ್ತಿರಲಿಲ್ಲವೆಂದು ನಾನಂತೂ ನಂಬುವುದಿಲ್ಲ. ಕಾಕಾನ ಮುಖ ಮಾತ್ರ ಅರಳಿತು. “ಕೇಳಿದ್ರೇನು? ನಾಡಿದ್ದಂತ. ತಡ್ರಿ!” ಎಂದು ಒಂದು ಮೌಸ್‌ಪ್ಯಾಡ್ ಕಟ್ಟಿಸಿಕೊಂಡು ಮೆಟ್ಟಿಲಿಳಿದರು.