ಪ್ರಗತಿ ಪತ್ರದ ಭಾಷೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನ ಪ್ರಕಾರ ಶಿಕ್ಷಕರು ಪೋಷಕರ ಸಭೆಯನ್ನು ನಿಯತವಾಗಿ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಪ್ರಗತಿಗಳನ್ನು ತಿಳಿಸಬೇಕು. ತಿಳಿಯುವ ಹಾಗೆ ತಿಳಿಸಬೇಕೆಂದು ಅಲ್ಲಿ ಬರೆದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ಮೊದಲನೆಯದು ಎಫ್‌ಎ, ಎರಡನೆಯದು ಎಸ್‌ಎ. ಅಂಕಗಳು ಶ್ರೇಣಿಯ ಅಕ್ಷರಗಳಾಗಿ ಮನೆ ಸೇರುತ್ತವೆ. ಸಭೆಯ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ.

“ಮೇಡಂ, ನಮ್ಮ ಹುಡ್ಗ ಹೆಂಗವ್ನೆ?”

“ಎಫ್‌ಎ ಎರಡರಲ್ಲಿ ಬಿ ಪ್ಲಸ್ ಅಮ್ಮಾ. ಎಸ್‌ಎ ಒಂದರಲ್ಲಿ ಬಿ.”

“ಅಂದ್ರೆ ಪಾಸಾ, ಫೇಲಾ?”

“ಇದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ಹಾಗೆಲ್ಲ ನೋಡಲ್ಲ.”

“ಓದ್ತಾನಾ?”

“ಕಲಿಕಾ ಫಲಗಳನ್ನು ಭಾಗಶಃ ಸಾಧಿಸಿದ್ದಾನೆ.”

“ಮಗ್ಗಿ?”

“ಏಳರವರೆಗೂ ಹೇಳ್ತಾನೆ. ಎಂಟು ಬಂತೋ, ಕಿಟಕಿ ಆಚೆ ನೋಡ್ತಾನೆ.”

“ಮನೇಲೂ ಅಷ್ಟೇ ಮೇಡಂ!”

ಇಡೀ ಸಭೆಯಲ್ಲಿ ಇಬ್ಬರಿಗೂ ಅರ್ಥವಾದದ್ದು ಆ ಎಂಟರ ಮಗ್ಗಿ ಒಂದೇ. ನಡಾವಳಿ ಪುಸ್ತಕದಲ್ಲಿ ಅದಿಲ್ಲ. ಅಲ್ಲಿರುವುದು ‘ಪೋಷಕರೊಂದಿಗೆ ಮಗುವಿನ ಪ್ರಗತಿಯನ್ನು ಚರ್ಚಿಸಲಾಯಿತು’. ವಾಟ್ಸ್‌ಆ್ಯಪ್ ಗುಂಪು ಬಂದ ಮೇಲೆ ಚರ್ಚೆ ಇನ್ನೂ ಹಗುರ: ಶಾಲೆ ಪಿಡಿಎಫ್ ಕಳಿಸುತ್ತದೆ, ಗುಂಪಿನವರು ಅದನ್ನು ತೆರೆಯದೆಯೇ ಕೈಮುಗಿಯುತ್ತಾರೆ.

ಕಾಗದದ ಪ್ರಗತಿ ಪತ್ರಕ್ಕೆ ಮಾತ್ರ ಪೋಷಕರ ಸಹಿ ಬೇಕು. ಸಹಿ ದುಂಡಗಿದ್ದರೆ ಅಕ್ಕನದು, ಸೊಟ್ಟಗಿದ್ದರೆ ಹುಡುಗನದೇ.