ಅಂಜಿದವರ ಪರವಾಗಿ ಒಂದು ವಕಾಲತ್ತು

2021ರ ಅಕ್ಟೋಬರ್ 11ರ ರಾತ್ರಿ 9 ಗಂಟೆ 54 ನಿಮಿಷಕ್ಕೆ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ನೆಲ ನಡುಗಿತು. ರಿಕ್ಟರ್ ಮಾಪಕದಲ್ಲಿ 4.1 ಎಂದು ದಾಖಲಾಯಿತು. ಗಡಿಕೇಶ್ವಾರ, ಹೊಸಳ್ಳಿ, ಕೊರವಿ, ಸುಲೇಪೇಟ ಸುತ್ತಿನ ಜನ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಬೀದಿಗೆ ಬಂದರು. ನವರಾತ್ರಿಯ ದಿನಗಳು, ಬನ್ನಿ ಕೊಡಲು ಊರಿಗೆ ಬರಬೇಕಾದ ಹೊತ್ತಿನಲ್ಲಿ ಗಡಿಕೇಶ್ವಾರದವರು ಗಂಟುಮೂಟೆ ಕಟ್ಟಿ ನೆಂಟರ ಊರು ಹಿಡಿದರು. ಜನ ಭಯಭೀತರಾಗಿದ್ದಾರೆ ಎಂದು ಪತ್ರಿಕೆಗಳು ಬರೆದವು. ಆತಂಕ ಬೇಡ ಎಂದು ಅಧಿಕಾರಿಗಳು ಹೇಳಿದರು. ದೂರದ ಊರುಗಳ ಬಲ್ಲವರು ಮಾತ್ರ, 4.1 ಅಂದರೆ ಏನು ಮಹಾ, ಜಪಾನಿನಲ್ಲಿ ಇಷ್ಟಕ್ಕೆಲ್ಲ ಕೈಯಲ್ಲಿನ ಚಹಾದ ಕಪ್ಪನ್ನೂ ಕೆಳಗಿಡುವುದಿಲ್ಲ ಎಂದು ನಕ್ಕರು. ಮೊದಲಿನವರು ಮಾಡಿದ್ದು ವರದಿ, ಎರಡನೆಯವರು ಮಾಡಿದ್ದು ನೌಕರಿ; ಇಬ್ಬರ ಮೇಲೂ ನನ್ನದೇನೂ ದೂರಿಲ್ಲ. ತಕರಾರು ಇರುವುದು ನಕ್ಕವರ ಮೇಲೆ. ಭೂಕಂಪ ಅಪರೂಪವಾದ ಸೀಮೆಯಲ್ಲಿ ಸಣ್ಣ ನಡುಕಕ್ಕೂ ಅಂಜಿ ಹೊರಗೆ ಓಡುವವನದು ಸರಿಯಾದ ಲೆಕ್ಕ, ಕೂತಲ್ಲೇ ಕೂತು ನಗುವವನದೇ ತಪ್ಪಿದ ಲೆಕ್ಕ ಎಂಬುದು ನನ್ನ ವಾದ.

ಜಪಾನಿನ ಮಾತು ಅವರೇ ತೆಗೆದದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ಟೋಕಿಯೋದ ಗೃಹಸ್ಥ 4.1ಕ್ಕೆ ಕದಲುವುದಿಲ್ಲ, ನಿಜ. ಆದರೆ ಆ ಧೈರ್ಯ ಇರುವುದು ಅವನ ಮನೆಯ ಕಂಬದಲ್ಲಿ. 1981ರಲ್ಲಿ ಜಪಾನ್ ತನ್ನ ಕಟ್ಟಡ ನಿಯಮಗಳನ್ನು ಬಿಗಿ ಮಾಡಿತು. ದೊಡ್ಡ ಕಂಪನವಾದರೂ ಮನೆ ಒಳಗಿದ್ದವರ ಮೇಲೆ ಬೀಳಕೂಡದು ಎಂಬುದು ಅದರ ಗುರಿ. ಅದೇ ಗೃಹಸ್ಥನನ್ನು ಸೇಡಂ, ಚಿಂಚೋಳಿ ಕಡೆಯ ಒಂದು ಹಳೆಯ ಮಾಳಿಗೆ ಮನೆಯೊಳಗೆ ತಂದು ಕೂಡಿಸಿ. ಗೋಡೆಯ ದಪ್ಪ ನೋಡಿದರೆ ಕೋಟೆಯೇ ಸರಿ. ಆದರೆ ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ತುಂಬಿದ್ದು ಕಲ್ಲುಚೂರು ಮತ್ತು ಮಣ್ಣು. ಎರಡೂ ಸಾಲನ್ನು ಸೇರಿಸಿ ಹಿಡಿಯುವ ಉದ್ದಗಲ್ಲು ಅಲ್ಲಲ್ಲಿ ಇದ್ದರೆ ಆ ಮನೆಯವರ ಪುಣ್ಯ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸೋರದಿರಲಿ ಎಂದು ಅದರ ಮೇಲೆ ಇನ್ನಷ್ಟು ಮಣ್ಣು ಹಾಕಿ ತುಳಿಯುವುದು ಹಿಂದಿನಿಂದ ಬಂದ ಪದ್ಧತಿ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಮೇಲಿಂದ ಕೆಳಗೆ ಬೀಳುವ ಭಾರವನ್ನು ಈ ಗೋಡೆ ನೂರು ವರ್ಷ ಹೊತ್ತೀತು. ಅಡ್ಡಕ್ಕೆ ಒಮ್ಮೆ ಅಲುಗಿದರೆ ಒಳಸಾಲು ಒಳಗೆ, ಹೊರಸಾಲು ಹೊರಗೆ, ಮೂರು ತಲೆಮಾರಿನ ಮಣ್ಣು ನಡುವೆ. ಅಂಥ ಸೂರಿನ ಕೆಳಗೆ ಕೂತರೆ ಟೋಕಿಯೋದವನೂ ಕಪ್ಪು ಕೆಳಗಿಡುವುದಿರಲಿ, ಬಿಸಾಕಿ ಓಡುತ್ತಾನೆ. ಇನ್ನು ತಿಳಿವಳಿಕೆ ಪತ್ರಗಳ ಮಾತು. ಗಟ್ಟಿಯಾದ ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೊಳ್ಳಿ ಎನ್ನುತ್ತವೆ ಅವು. ನೆಲದ ಮೇಲೆ ಕೂತು ರೊಟ್ಟಿ ಉಣ್ಣುವ, ಹೊರಸಿನ ಮೇಲೆ ಮಲಗುವ ಮನೆಯಲ್ಲಿ ಆ ಮೇಜು ಎಲ್ಲಿಂದ ತರುವುದು? ಊರಿನಲ್ಲಿ ಗಟ್ಟಿ ಮೇಜು ಇರುವುದು ಪಂಚಾಯಿತಿ ಕಚೇರಿಯಲ್ಲಿ. ರಾತ್ರಿ ಅದಕ್ಕೆ ಬೀಗ, ಹಗಲು ಅಲ್ಲಿ ಕಾಲು ಹಿಡಿಯುವವರ ಸಾಲು ಮೊದಲೇ ಉದ್ದ.

ಎರಡನೆಯದು ಆ ಅಂಕಿಯ ವಿಷಯ. 4.1 ಎಂಬುದು ನೆಲದೊಳಗೆ ಬಿಡುಗಡೆಯಾದ ಶಕ್ತಿಯ ಅಳತೆ. ಅದು ಡೆಹ್ರಾಡೂನಿಗೂ ಒಂದೇ, ಗಡಿಕೇಶ್ವಾರಕ್ಕೂ ಒಂದೇ. ಮನೆಯಲ್ಲಿರುವವನಿಗೆ ಬೇಕಾದದ್ದು ತನ್ನ ಕಾಲ ಕೆಳಗೆ ಎಷ್ಟು ಅಲುಗಿತು ಎಂಬ ಲೆಕ್ಕ. ಅದು ಕಂಪನ ಎಷ್ಟು ಆಳದಲ್ಲಿ ಹುಟ್ಟಿತು, ನಡುವಿನ ಬಂಡೆ ಎಂಥದ್ದು ಎಂಬುದರ ಮೇಲೆ ನಿಂತಿದೆ. ಚಿಂಚೋಳಿಯ ಈ ನಡುಕಗಳು ಹೆಚ್ಚು ಆಳದವಲ್ಲ, ನೆಲದ ಮೇಲುಪದರದವು ಎಂದು ವಿಜ್ಞಾನಿಗಳೇ ಹೇಳಿದರು. ಆದ್ದರಿಂದಲೇ ಜನ ಮೊದಲು ಹೇಳಿದ್ದು ಅಲುಗಾಟವನ್ನಲ್ಲ, ಸದ್ದನ್ನು. ಹತ್ತಿರದಲ್ಲೇ ಹುಟ್ಟಿದ ಕಂಪನದ ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿ ಕಿವಿಗೆ ಕೇಳುವಂತಾಗುತ್ತದೆ. ಗಟ್ಟಿ ಬಂಡೆಯಿದ್ದರಂತೂ ಸ್ಪಷ್ಟವಾಗಿ ಧಡ್ ಎನ್ನುತ್ತದೆ. ಭೂಮಿ ನಡುಗಿದರೆ ಭೂಕಂಪ ಎನ್ನಬಹುದು, ಗುಡುಗಿದರೆ ಏನೆನ್ನುವುದು ಎಂದು ದಿಕ್ಕು ತೋಚದವರನ್ನು ಪುಕ್ಕಲರು ಎನ್ನಲಾಗದು. ಇಲ್ಲಿಯ ಬಂಡೆಯಾದರೂ ಬಲು ಹಳೆಯದು. ಹಳೆಯ ಗಟ್ಟಿ ಬಂಡೆ ಕಂಚಿನ ತಾಟಿನ ಹಾಗೆ, ಒಂದು ಅಂಚಿಗೆ ತಟ್ಟಿದರೆ ಇನ್ನೊಂದು ಅಂಚಿನವರೆಗೂ ಗುಂಯ್‌ಗುಡುತ್ತದೆ. 2011ರ ಆಗಸ್ಟ್ 23ರಂದು ಅಮೆರಿಕದ ವರ್ಜೀನಿಯಾದಲ್ಲಿ 5.8ರ ಭೂಕಂಪವಾದಾಗ ಅದು ಕೆನಡಾದವರೆಗೆ ಅರಿವಿಗೆ ಬಂತು, ವಾಷಿಂಗ್ಟನ್ ಸ್ಮಾರಕ ಬಿರುಕು ಬಿಟ್ಟು 2014ರವರೆಗೆ ಬಾಗಿಲು ಹಾಕಿತು. ಬೀದಿಗೆ ಓಡಿಬಂದ ಪೂರ್ವ ತೀರದವರನ್ನು ಕಂಡು ಕ್ಯಾಲಿಫೋರ್ನಿಯಾದವರು ನಕ್ಕರು. ಅವರ ನೆಲದಲ್ಲಿ ಬಿರುಕುಗಳು ಹೆಚ್ಚು. ಅಷ್ಟೇ ಗಾತ್ರದ ಕಂಪನ ಅಲ್ಲಿ ಅಷ್ಟು ದೂರ ಹೋಗುವುದೇ ಇಲ್ಲ. ನಗುವವರು ಎಲ್ಲ ದೇಶದಲ್ಲೂ ಇದ್ದಾರೆ ಎಂಬುದಷ್ಟೇ ಸಮಾಧಾನ.

ಇಲ್ಲೊಂದು ಸ್ಥಳೀಯ ಆಕ್ಷೇಪಣೆ ಇದೆ, ಅದನ್ನು ಬಿಡುವಂತಿಲ್ಲ. ವಾಡಿ, ಶಹಾಬಾದ, ಸೇಡಂ, ಮಳಖೇಡದ ಜನಕ್ಕೆ ನೆಲ ಅದುರುವುದು ಹೊಸದೇ? ಸಿಮೆಂಟ್ ಕಾರ್ಖಾನೆಗಳು, ಸುಣ್ಣಕಲ್ಲಿನ ಗಣಿಗಳು, ಗಣಿಯಲ್ಲಿ ಬ್ಲಾಸ್ಟಿಂಗ್, ವಾಡಿ ಜಂಕ್ಷನ್‌ನಲ್ಲಿ ಹಗಲಿರುಳು ಗೂಡ್ಸ್ ಗಾಡಿ. ಇಷ್ಟೆಲ್ಲ ತಡೆದುಕೊಂಡವರು ಇದೊಂದಕ್ಕೆ ಯಾಕೆ ಅಂಜಬೇಕು? ಉತ್ತರ ಆ ಆಕ್ಷೇಪಣೆಯಲ್ಲೇ ಇದೆ. ತೆರೆದ ಗಣಿಯಲ್ಲಿ ಮದ್ದು ಸಿಡಿಸುವುದು ವಾಡಿಕೆಯಾಗಿ ಹಗಲು ಹೊತ್ತಿನಲ್ಲಿ. ಊಟ ಮುಗಿಸಿ ಮಲಗುವ ಹೊತ್ತಿಗೆ ಧಡ್ ಎಂದರೆ ಅದು ಗಣಿಯದಲ್ಲ ಎಂದು ತಿಳಿಯಲು ಭೂಗರ್ಭಶಾಸ್ತ್ರ ಓದಬೇಕಾಗಿಲ್ಲ. ದಿನವೂ ಅದುರುವ ನೆಲದ ಮೇಲೆ ಬದುಕುವವನಿಗೇ ಯಾವುದು ದಿನದ್ದು, ಯಾವುದು ಅಲ್ಲ ಎಂಬ ಪರಿಚಯ ಹೆಚ್ಚು. ಅವನು ಓಡಿದನೆಂದರೆ ಅದನ್ನು ತಜ್ಞರ ಅಭಿಪ್ರಾಯವೆಂದೇ ತೆಗೆದುಕೊಳ್ಳಬೇಕು.

ಆದರೂ 4.1ಕ್ಕೆ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲವಲ್ಲ ಎನ್ನುತ್ತಾರೆ. ಒಪ್ಪುತ್ತೇನೆ. ಮಾಪಕದಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ; ಹಾಗಾಗಿ 6.2ರ ಭೂಕಂಪದ ಮುಂದೆ 4.1 ಎಂಬುದು ಸುಮಾರು 1,400ರಲ್ಲಿ ಒಂದು ಪಾಲು. ನಾನು 6.2 ಎಂದು ಸುಮ್ಮನೆ ಆರಿಸಿಕೊಳ್ಳಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಕಿಲ್ಲಾರಿಯನ್ನು ನೆಲಸಮ ಮಾಡಿದ್ದು ಅಷ್ಟೇ ಪ್ರಮಾಣದ್ದು. ಗಡಿಕೇಶ್ವಾರದಿಂದ ಕಿಲ್ಲಾರಿಗೆ ನೇರ ಗೆರೆ ಎಳೆದರೆ ಸುಮಾರು 100 ಕಿಲೋಮೀಟರ್. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಸತ್ತವರು ಸುಮಾರು 8,000 ಎಂದು ಒಂದು ಲೆಕ್ಕ, 10,000ದ ಹತ್ತಿರ ಎಂದು ಇನ್ನೊಂದು. ಬಿದ್ದದ್ದು ಇಂಥದೇ ಕಲ್ಲುಮಣ್ಣಿನ ಗೋಡೆ, ಇಂಥದೇ ಮಣ್ಣು ಹೊತ್ತ ಮಾಳಿಗೆ. ಮುಖ್ಯವಾದದ್ದು ಇನ್ನೂ ಇದೆ. ಕಿಲ್ಲಾರಿಯಲ್ಲಿ ಅದರ ಹಿಂದಿನ ವರ್ಷವೇ ಸಣ್ಣ ನಡುಕಗಳ ಸರಣಿ ಶುರುವಾಗಿತ್ತು. 1992ರ ಅಕ್ಟೋಬರಿನಲ್ಲಿ ಬಂದ ದೊಡ್ಡದು 4ರ ಆಸುಪಾಸಿನದು. ಆಗ ಅಂಜಿದವರಿದ್ದರು. ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. ಮುಂದೆ ದೇಶದ ನಕ್ಷೆ ತಿದ್ದಿದವರು 2002ರಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿದರು. ಈಗ ನಮ್ಮ ಎಣಿಕೆ ಎರಡರಿಂದಲೇ ಶುರು. ತಮ್ಮಲ್ಲಿ ಭೂಕಂಪವೇ ಆಗುವುದಿಲ್ಲ ಎಂದು ಹೇಳುವ ಹಕ್ಕನ್ನು ಭಾರತದ ಯಾವ ಊರಿಗೂ ಉಳಿಸದ ಈ ತಿದ್ದುಪಡಿಯನ್ನು ಓದಿದ ಮೇಲೂ ನಗು ಬರುವವರಿಗೆ ನನ್ನ ನಮಸ್ಕಾರ.

ಇನ್ನು ಬಲವಾದ ಆಕ್ಷೇಪಣೆ. ಸಣ್ಣ ನಡುಕದ ಹಿಂದೆ ದೊಡ್ಡದು ಬರುವುದು ಬಲು ಅಪರೂಪ. ಮಹಾರಾಷ್ಟ್ರದ ಪಾಲಘರ ಜಿಲ್ಲೆಯ ಡಹಾಣೂ ಕಡೆ 2018ರ ನವೆಂಬರಿನಿಂದ ಇಂಥ ನಡುಕಗಳ ಸರಣಿ ನಡೆಯಿತು, ಕಿಲ್ಲಾರಿಯಂಥದ್ದೇನೂ ಅಲ್ಲಿ ಆಗಲಿಲ್ಲ. ಬದಲಾಗಿ 2019ರ ಫೆಬ್ರುವರಿಯಲ್ಲಿ ಗಾಬರಿಯಿಂದ ಹೊರಗೋಡುವಾಗ ಬಿದ್ದು ಪುಟ್ಟ ಮಗುವೊಂದು ತೀರಿಕೊಂಡಿತು. ಓಡುವುದರಲ್ಲೂ ಅಪಾಯವಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಇದರಿಂದ ಹೊರಡುವ ಪಾಠ ಗಾಬರಿಯಿಂದ ಓಡಬೇಡಿ ಎಂಬುದು, ಒಳಗೇ ಮಲಗಿ ಎಂಬುದಲ್ಲ. ಮೊದಲೇ ಅಂಗಳದಲ್ಲಿ ಹೊರಸು ಹಾಕಿ ಮಲಗಿದವನಿಗೆ ಓಡುವ ಪ್ರಮೇಯವೇ ಇಲ್ಲ. ಭೂಕಂಪವಾದ ಮೇಲೆ ಬರುವ ನಡುಕಗಳು ದಿನ ಕಳೆದಂತೆ ಕಡಿಮೆಯಾಗುತ್ತವೆ ಎಂದು ಜಪಾನಿನ ಭೂಕಂಪ ವಿಜ್ಞಾನಿ ಒಮೋರಿ 1894ರಲ್ಲೇ ಸೂತ್ರ ಬರೆದಿಟ್ಟ. ಮೊದಲ ದಿನ ಎಷ್ಟೋ, ಹತ್ತನೆಯ ದಿನ ಸುಮಾರು ಅದರ ಹತ್ತನೇ ಒಂದು ಪಾಲು. ಅಷ್ಟು ಶಿಸ್ತಿನ ಭೂಮಿಯಾದರೆ ಜನ ಪಂಚಾಂಗ ನೋಡಿದಂತೆ ನೋಡಿ ಒಳಗೆ ಹೋಗಬಹುದಿತ್ತು. ಚಿಂಚೋಳಿಯದು ಗುಂಪಿನ ನಡುಕ. ಅಲ್ಲಿ ಹಿರಿಯದು ಯಾವುದು, ಹಿಂಬಾಲಕರು ಯಾರು ಎಂದು ಮೊದಲೇ ಗೊತ್ತಾಗುವುದಿಲ್ಲ. ಹೆಚ್ಚು ಮಳೆ ಬಿದ್ದು, ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಒಳಗಿನ ಒತ್ತಡ ಬದಲಾಗಿ ಬಂಡೆ ಜರುಗುತ್ತದೆ ಎಂದು ವಿಜ್ಞಾನಿಗಳು ವಿವರಿಸಿದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಮಾಪನ ಯಂತ್ರಗಳೂ ಬಂದವು. ವಿವರಣೆ ಸರಿಯೇ ಇರಬಹುದು. ಆದರೆ ಮಳೆಯಿಂದ ಭೂಕಂಪ ಎಂದು ಕೇಳಿದ ತೊಗರಿ ರೈತನ ಸ್ಥಿತಿ ನೋಡಿ: ಮಳೆ ಬಾರದಿದ್ದರೆ ಹೊಲ ಹೋಯಿತು, ಹೆಚ್ಚು ಬಂದರೆ ಮನೆ. ಅಂಜಬ್ಯಾಡ್ರಿ ಎಂದವರಿಗೆ, ಹಂಗಾದ್ರ ಇವತ್ತೊಂದು ರಾತ್ರಿ ನಮ್ಮ ಪಡಸಾಲ್ಯಾಗೇ ಮಲಕೊಳ್ರಿ ಸಾಹೇಬ್ರ ಎಂದರೆ ಅದನ್ನು ಉದ್ಧಟತನ ಎನ್ನಲಾಗದು. ಅದು ಪ್ರಯೋಗಕ್ಕೆ ಆಹ್ವಾನ.

ಅಂಜಿಕೆಯಿಂದ ಗಾಳಿಸುದ್ದಿ ಹುಟ್ಟುತ್ತದೆ ಎಂಬ ದೂರೂ ಇದೆ. ಇಂಥ ರಾತ್ರಿ ಇಷ್ಟು ಗಂಟೆಗೆ ದೊಡ್ಡದು ಬರುತ್ತದೆ ಎಂದು ವಾಟ್ಸ್ಆ್ಯಪಿನಲ್ಲಿ ಬರುವ ಸಂದೇಶ ಶುದ್ಧ ಸುಳ್ಳು. ದಿನ, ಗಂಟೆ ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಹತ್ತಿಲ್ಲ. ಆದರೆ ಇವತ್ತು ಬರುತ್ತದೆ ಎನ್ನುವುದು ಸುಳ್ಳಾದರೆ, ಇವತ್ತು ಬರುವುದಿಲ್ಲ ಎನ್ನುವುದಕ್ಕೂ ಅದೇ ವಿದ್ಯೆ ಬೇಕಲ್ಲ.

ಹಾಗಾದರೆ ಮನೆಯನ್ನೇ ಭದ್ರ ಮಾಡಿಕೊಳ್ಳಬಾರದೇ ಎಂದು ಕೊನೆಯ ಪ್ರಶ್ನೆ ಬರುತ್ತದೆ. ಮಾಳಿಗೆಯ ಮಣ್ಣು ಇಳಿಸಿ ಪತ್ರಾಸ್ ಹೊದಿಸಿದರೆ ಭಾರವೇನೋ ಇಳಿಯುತ್ತದೆ. ಆದರೆ ಕಲಬುರಗಿ ಸೀಮೆಯ ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ, ಪತ್ರಾಸಿನ ಕೆಳಗೆ ಒಂದು ಮಧ್ಯಾಹ್ನ ಕಳೆಯುವುದು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಭೂಕಂಪ ಎಂದೋ ಒಂದು ದಿನದ್ದು, ಬಿಸಿಲು ಪ್ರತಿ ವರ್ಷದ್ದು. ಮಣ್ಣನ್ನು ಮೇಲೇ ಇಟ್ಟುಕೊಂಡು, ನೆಲ ಗುಡುಗಿದ ದಿನ ಅಂಗಳಕ್ಕೆ ಬಂದು ಮಲಗುವವನು ಇಲ್ಲೂ ಲೆಕ್ಕ ತಪ್ಪಿಲ್ಲ. ಗೋಡೆಗೆ ಉದ್ದಗಲ್ಲು ಸೇರಿಸುವುದು, ಬಾಗಿಲ ಮೇಲಿನ ಮಟ್ಟಕ್ಕೆ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟಿಸುವುದು ಕಿಲ್ಲಾರಿಯ ನಂತರ ಎಲ್ಲರಿಗೂ ಗೊತ್ತಾದ ಉಪಾಯ. ಗೌಂಡಿಗೆ ಮಾಡಲು ಬಾರದ ಕೆಲಸವೇನಲ್ಲ, ದುಡ್ಡು ಕೊಡುವವರು ಬೇಕು. ಅಲ್ಲಿಯವರೆಗೆ ಹೊಸಳ್ಳಿಯವನೊಬ್ಬ ಚಿಲಕ ಹಾಕದೆ ಮಲಗಿದರೆ ನಗಬೇಕೆನಿಸುವ ಬೆಂಗಳೂರಿನವರು ಒಂದು ಕೆಲಸ ಮಾಡಲಿ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು; ಕಾರು ನಿಲ್ಲಿಸಲೆಂದು ನೆಲಮಹಡಿಯಲ್ಲಿ ಗೋಡೆಯಿಲ್ಲದೆ ಬರೀ ಕಂಬ ಬಿಟ್ಟದ್ದು ಅದಕ್ಕೊಂದು ದೊಡ್ಡ ಕಾರಣ. ಲಿಫ್ಟಿನಲ್ಲಿ ಕೆಳಗಿಳಿದು, ತಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಗೋಡೆ ಎಷ್ಟಿವೆ, ಕಾರು ಎಷ್ಟಿವೆ ಎಂದು ಎಣಿಸಿಕೊಂಡು ಬರಲಿ. ಆಮೇಲೂ ನಗು ಉಳಿದಿದ್ದರೆ ನಗಬಹುದು.